ಹಾಳೂರ ದಿಬ್ಬದ ಮೇಷ್ಟ್ರು

ಶಿವನಂಜಯ್ಯ ಮೇಷ್ಟ್ರು ನೆಲದಿಂದ ಎತ್ತಿದ ತುಣುಕುಗಳನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು. ಕೈಗೆ ಸಿಕ್ಕ ಬಿಳಿಚೂರು ಕಲ್ಲೋ ಮೂಳೆಯೋ ಎಂಬ ಅನುಮಾನ ಬಂದರೆ ಅದನ್ನು ಪಂಚೆಯ ಅಂಚಿನಲ್ಲಿ ಒರೆಸಿ, ನಾಲಿಗೆಯ ತುದಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವರು. ಕಲ್ಲಾದರೆ ಜಾರಿ ಅಂಗೈಗೆ ಬೀಳುತ್ತಿತ್ತು. ಹಳೆಯ ಮೂಳೆಯಾದರೆ ಅದರೊಳಗಿನ ಸಣ್ಣ ಸಣ್ಣ ರಂಧ್ರಗಳು ತೇವವನ್ನು ಹೀರುವುದರಿಂದ ಅದು ನಾಲಿಗೆಗೆ ಅಂಟಿಕೊಳ್ಳುತ್ತಿತ್ತು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ನಾಲಿಗೆಯ ಮೇಲೆ ಯಾವುದೋ ಕಾಲದ ದನದ ಮೂಳೆ: ತಿಪಟೂರಿನ ಕಾಲೇಜಿನಲ್ಲಿ ನಮಗೆ ಪ್ರಾಚೀನ ಇತಿಹಾಸ ಕಲಿಸಿದ ಮನುಷ್ಯನನ್ನು ನೆನೆದಾಗ ನನಗೆ ಮೊದಲು ಕಾಣುವುದು ಈ ಮುಖ.

ಅವರ ಹೆಂಡತಿ ಪಾರ್ವತಮ್ಮನವರಿಗೆ ಈ ವಿದ್ಯೆ ಸ್ವಲ್ಪವೂ ಹಿಡಿಸಿರಲಿಲ್ಲ. ಮೇಷ್ಟ್ರು ತಿರುಗಾಟ ಮುಗಿಸಿ ಬಂದರೆ ಮುಂಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

"ಹಿತ್ತಲ ಕಡೆಯಿಂದ ಬನ್ರೀ. ಬಾಯಿ ಮುಕ್ಕಳಿಸದೆ ಒಳಕ್ಕೆ ಕಾಲಿಟ್ಟೀರಾ, ಜೋಕೆ!"

"ಎಷ್ಟೋ ಸಾವ್ರ ವರ್ಷದ ಹಿಂದೆ ಸತ್ತ ದನ ಕಣೇ ಅದು. ಮೈಲಿಗೆ ಇನ್ನೂ ಉಳಿದಿರುತ್ತಾ?"

"ಹಳೇದಾದ್ರೆ ಮೂಳೆ ಸೊಪ್ಪಾಗೋಯ್ತದಾ? ಮುಕ್ಕಳಿಸ್ರೀ ಅಂದ್ರೆ!"

ಮೇಷ್ಟ್ರು ಮುಕ್ಕಳಿಸುತ್ತಿದ್ದರು. ವಾದದಲ್ಲಿ ಸೋತವರಂತೆ ಅಲ್ಲ; ಎದುರಾಳಿಯ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಿದ ವಿದ್ವಾಂಸರಂತೆ, ಗಂಭೀರವಾಗಿ.

ಅವರ ಮನೆ ಕೊಬ್ಬರಿ ಮಂಡಿಗಳ ಹಿಂದಿನ ಓಣಿಯಲ್ಲಿತ್ತು. ಓಣಿಯ ಗಾಳಿಯಲ್ಲೇ ಎಣ್ಣೆಯ ಜಿಡ್ಡಿತ್ತು. ಪುಸ್ತಕದ ಹಾಳೆ ತಿರುವಿದರೆ ಬೆರಳಿಗೆ ಕೊಬ್ಬರಿಯ ವಾಸನೆ ಅಂಟುತ್ತಿತ್ತು. ಆ ಮನೆಯ ಜಗಲಿಯೇ ನಮ್ಮ ನಿಜವಾದ ತರಗತಿ. ಶಾಸನ ಓದುವವರು, ನಾಣ್ಯ ಬಲ್ಲವರು, ನೆಲ ಅಗೆಯುವವರು ಯಾರೇ ಆಗಲಿ, ಅರಸೀಕೆರೆಯ ಕಡೆಗೆ ರೈಲಿನಲ್ಲಿ ಹೋಗುವ ಸುಳಿವು ಸಿಕ್ಕಿದರೆ ಮೇಷ್ಟ್ರು ನಿಲ್ದಾಣದಲ್ಲಿ ಕಾದು ನಿಂತು, ಒಂದು ದಿನದ ಮಟ್ಟಿಗೆ ಅವರನ್ನು ಇಳಿಸಿಕೊಂಡುಬಿಡುತ್ತಿದ್ದರು. ಎಳನೀರು ಕುಡಿಸಿ, ಊಟ ಹಾಕಿ, ಆಮೇಲೆ ಪ್ರಶ್ನೆಗೆ ಕೂರಿಸುತ್ತಿದ್ದರು. ನಾವು ನಾಲ್ಕೈದು ವಿದ್ಯಾರ್ಥಿಗಳು ಗೋಡೆಗೊರಗಿ ಕೇಳಬೇಕು. ಪುಸ್ತಕಗಳು ಇರುವಾಗ ಇಷ್ಟು ಪಾಡು ಏಕೆ ಎಂದು ನಾನು ಒಮ್ಮೆ ಕೇಳಿದ್ದೆ.

"ಪುಸ್ತಕಕ್ಕೆ ಅಡ್ಡಪ್ರಶ್ನೆ ಹಾಕಿದ್ರೆ ಅದು ಸುಮ್ನೆ ಇರುತ್ತೆ ಕಣಮ್ಮ. ಮನುಷ್ಯನಿಗೆ ಹಾಕು, ಸಿಟ್ಟು ಮಾಡ್ಕೋತಾನೆ. ಎಲ್ಲಿ ಸಿಟ್ಟು ಬಂತೋ ಅಲ್ಲೇ ಅವನಿಗೂ ಗೊತ್ತಿಲ್ಲ ಅಂತ ಗುರುತು ಹಾಕ್ಕೊ."

ಈ ಮಾತಿಗೆ ಸಾಕ್ಷಿಯನ್ನು ಕೆಲವೇ ದಿನಗಳಲ್ಲಿ ಕಂಡೆವು. ವಯಸ್ಸಾದ ಶಾಸನತಜ್ಞರೊಬ್ಬರು ಶೆಟ್ಟಿಕೆರೆಯ ಕಡೆ ಸವೆದ ಕಲ್ಲೊಂದನ್ನು ನೋಡಿ ಬಂದು, ಅದರ ಪಾಠವನ್ನು ಸರಾಗವಾಗಿ ಓದಿ ಹೇಳಿದರು. ದೇವಸ್ಥಾನದ ನಂದಾದೀಪಕ್ಕೆ ಎಣ್ಣೆ ಬಿಟ್ಟ ದಾನಶಾಸನವಂತೆ. ಮೇಷ್ಟ್ರು ಮೃದುವಾಗಿ ಕೇಳಿದರು: "ಸ್ವಾಮಿ, ಎಣ್ಣೆ ಅನ್ನೋ ಅಕ್ಷರ ತಮಗೆ ಕಂಡಿತೋ, ಅಲ್ಲಿ ಎಣ್ಣೆ ಇದ್ರೆ ಚೆನ್ನಾಗಿರುತ್ತೆ ಅಂತ ಕಂಡಿತೋ?" ತಜ್ಞರು ಕೆಂಪಾದರು. ಎದ್ದು ಚಪ್ಪಲಿ ಮೆಟ್ಟಿದರು. ಓಣಿಯ ತುದಿಯವರೆಗೆ ಹೋಗಿ, ಅಲ್ಲಿ ನಿಂತು, ಛತ್ರಿಯನ್ನು ಎರಡು ಬಾರಿ ನೆಲಕ್ಕೆ ಕುಟ್ಟಿ, ತಿರುಗಿ ಬಂದರು. "ಆ ಎರಡಕ್ಷರ ಊಹೆ," ಎಂದು ಮತ್ತೆ ಕುಳಿತರು. ಅಂದು ಸಂಜೆಯವರೆಗೆ ಅವರಿಬ್ಬರೂ ಆಡಿದ ಮಾತಿನಷ್ಟು ಇತಿಹಾಸವನ್ನು ಮುಂದೆ ವಿಶ್ವವಿದ್ಯಾಲಯದ ಎರಡು ವರ್ಷಗಳಲ್ಲಿ ನಾನು ಕಲಿತೆನೆಂದು ಹೇಳಲಾರೆ.

ಮೇಷ್ಟ್ರ ಹುಟ್ಟೂರು ಹಂದನಕೆರೆಯ ಕಡೆಯದು. ಅಲ್ಲಿ ಅವರ ತಮ್ಮ ಪಂಚಾಕ್ಷರಿ ತೆಂಗಿನ ತೋಟ ನೋಡಿಕೊಂಡಿದ್ದ. ತೋಟದ ಬೇಲಿಯಾಚೆ ಗೋಮಾಳದಲ್ಲಿ ಒಂದು ಬೂದುಬಣ್ಣದ ದಿಬ್ಬವಿತ್ತು. ಊರವರು ಅದನ್ನು ಹಾಳೂರು ಎನ್ನುತ್ತಿದ್ದರು. ಅದು ಸತ್ತ ಊರು; ಅಲ್ಲಿನ ಹಿಡಿ ಮಣ್ಣು ಮನೆಗೆ ಬಂದರೆ ಮನೆಯೂ ಅದೇ ದಾರಿ ಹಿಡಿಯುತ್ತದೆ ಎಂಬುದು ನಂಬಿಕೆ. ದನ ಅತ್ತ ನುಗ್ಗಿದರೂ ಕಾಯುವವರು ಕೆಳಗೇ ನಿಂತು ಕೂಗಿ ಕರೆಯುತ್ತಿದ್ದರು. ಮಳೆ ಬಿದ್ದ ಮಾರನೆಯ ದಿನ ದಿಬ್ಬದ ಇಳಿಜಾರಿನಲ್ಲಿ ಮಡಕೆ ಚೂರುಗಳು ತೊಳೆದಿಟ್ಟಂತೆ ಹರಡಿರುತ್ತಿದ್ದವು: ಹೊರಗೆ ಕೆಂಪು, ಒಳಗೂ ಬಾಯಂಚಿಗೂ ಕಪ್ಪು. ಮೇಷ್ಟ್ರು ಬಾಲ್ಯದಿಂದ ಕದ್ದು ಹೋಗಿ ಆಯ್ದದ್ದು ಅಲ್ಲಿಯೇ. ಆ ಚೂರುಗಳನ್ನು ಮಾಡಿದವರು ಯಾರು, ಏನು ಉಂಡರು, ಏಕೆ ಬಿಟ್ಟು ಹೋದರು ಎಂಬುದನ್ನು ಬಲ್ಲವರ ಬಾಯಿಂದ ಕೇಳಬೇಕೆಂಬ ಒಂದೇ ಆಸೆ ಅವರನ್ನು ಇತಿಹಾಸದ ಮೇಷ್ಟ್ರನ್ನಾಗಿ ಮಾಡಿತ್ತು. ಜಗಲಿಯ ಅಷ್ಟೂ ಸಂವಾದಗಳ ಕೊನೆಗೆ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ನಮ್ಮೂರ ಕಡೆ ಒಂದು ದಿಬ್ಬ ಇದೆ. ನೋಡ್ತೀರಾ?"

ಎಪ್ಪತ್ತರ ದಶಕದ ನಡುವಿನಲ್ಲಿ ಒಬ್ಬರು ನೋಡುತ್ತೇನೆ ಎಂದರು. ಡಾ. ವಾಮನಮೂರ್ತಿ ರಾಜಧಾನಿಯ ಒಂದು ದೊಡ್ಡ ಸಂಸ್ಥೆಯಲ್ಲಿ ಪುರಾತತ್ತ್ವಜ್ಞರಾಗಿದ್ದರು. ಅವರ ವಿದ್ವತ್ತನ್ನು ನಾನು ಇಂದಿಗೂ ಹೀಗಳೆಯಲಾರೆ. ನನ್ನ ಆಕ್ಷೇಪದ ಭಾರ ಇರುವುದೇ ಅಲ್ಲಿ. ಬಲ್ಲವರಾಗಿದ್ದರಿಂದಲೇ ಅವರು ಹೊಣೆಗಾರರು. ಒಂದು ಬೇಸಿಗೆ ಪೂರ್ತಿ ಅವರು ದಿಬ್ಬದಲ್ಲಿ ಚೌಕಾಕಾರದ ಗುಂಡಿ ತೋಡಿಸಿದರು. ಸಂಜೆ ಗುಂಡಿಯ ಅಂಚಿನಲ್ಲಿ ಅವರೂ ಮೇಷ್ಟ್ರೂ ಕಾಲು ಇಳಿಬಿಟ್ಟು ಕೂರುವರು. ನಾವು ಎದುರಿನ ಮಣ್ಣಿನ ಗುಡ್ಡೆಯ ಮೇಲೆ.

"ಈ ಗೋಡೆ ನೋಡಿ," ಎಂದು ವಾಮನಮೂರ್ತಿ ಗುಂಡಿಯ ಪಾರ್ಶ್ವವನ್ನು ಕಡ್ಡಿಯಿಂದ ತೋರಿಸಿದರು. "ಕೆಳಗಿನ ಕಪ್ಪು ಪಟ್ಟಿ ದನದ ದೊಡ್ಡಿ. ಅದರ ಮೇಲೆ ಬೂದಿ. ಮತ್ತೆ ಸಗಣಿ, ಮತ್ತೆ ಬೂದಿ. ತಲೆಮಾರುಗಟ್ಟಲೆ ಇಲ್ಲೇ ಕಟ್ಟಿದ್ದಾರೆ, ಇಲ್ಲೇ ಒಲೆ ಹಚ್ಚಿದ್ದಾರೆ."

"ಸುಟ್ಟು ಹೋದ ಊರು ಅಂತ ಯಾಕೆ ಅನ್ನಬಾರದು?"

"ಸುಟ್ಟಿದ್ದರೆ ಎಲ್ಲ ಕಡೆ ಒಂದೇ ಪಟ್ಟಿ ಇರಬೇಕಿತ್ತು. ಇದು ದಿನಾ ಒಲೆಯಿಂದ ಬಾಚಿ ಚೆಲ್ಲಿದ ಬೂದಿ."

"ಖಂಡಿತಾನಾ?"

ವಾಮನಮೂರ್ತಿ ನಕ್ಕರು. "ಇಲ್ಲಿ ನನಗೆ ಸಿಟ್ಟು ಬರಲ್ಲ ಮೇಷ್ಟ್ರೇ. ಇದು ಖಂಡಿತ."

ಮೇಷ್ಟ್ರ ಮುಖದಲ್ಲಿ ಅಂದು ಕಂಡ ನೆಮ್ಮದಿಯನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ. ಒಂದು ದಿನ ಬೂದಿಯ ಪದರದಲ್ಲಿ ಕರಕಲಾದ ಕಾಳುಗಳು ಸಿಕ್ಕವು. ವಾಮನಮೂರ್ತಿ ಅವನ್ನು ಮಸೂರದ ಕೆಳಗಿಟ್ಟು ಹುರುಳಿ ಎಂದು ಗುರುತಿಸಿದರು. ಊಟ ತಂದಿದ್ದ ಪಾರ್ವತಮ್ಮ ಬಗ್ಗಿ ನೋಡಿ, "ಹಂಗಾದ್ರೆ ಅವರ ಮನೇಲೂ ಇವತ್ತು ಇದೇ ಸಾರು," ಎಂದು ಬುತ್ತಿಯ ಮುಚ್ಚಳ ತೆಗೆದರು. ಹುರುಳಿಸಾರಿನ ಬಿಸಿ ಆವಿ ಗುಂಡಿಯೊಳಕ್ಕೆ ಇಳಿಯಿತು. ಎಲ್ಲರೂ ನಕ್ಕೆವು. ಮೇಷ್ಟ್ರು ಮಾತ್ರ ತುತ್ತು ಕೈಯಲ್ಲಿ ಹಿಡಿದು ಆ ಕಪ್ಪು ಕಾಳುಗಳನ್ನೇ ನೋಡುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ವಾಮನಮೂರ್ತಿ ಚೂರು, ಮೂಳೆ, ಕಾಳುಗಳನ್ನು ಚೀಲಗಳಿಗೆ ತುಂಬಿ, ಚೀಲಗಳನ್ನು ಮರದ ಪೆಟ್ಟಿಗೆಗಳಿಗೆ ತುಂಬಿ ಲಾರಿಗೆ ಏರಿಸಿದರು. ಬರುವ ಚಳಿಗಾಲಕ್ಕೆ ಮತ್ತೆ ಅಗೆತ, ಅಷ್ಟರಲ್ಲಿ ವರದಿ, ವರದಿಯ ಆಧಾರದ ಮೇಲೆ ದಿಬ್ಬಕ್ಕೆ ಸರ್ಕಾರದ ರಕ್ಷಣೆ, ಬೇಲಿ, ಫಲಕ. ಇಷ್ಟನ್ನೂ ಅವರು ಗುಂಡಿಯ ಅಂಚಿನಲ್ಲಿ ನಿಂತು, ನಮ್ಮೆಲ್ಲರೆದುರು ಹೇಳಿದರು. "ಊರವರಿಗೆ ಸ್ವಲ್ಪ ತಿಳಿಹೇಳಿ ಮೇಷ್ಟ್ರೇ. ತಿಳಿದರೆ ಅವರೇ ಕಾಪಾಡಿಕೊಳ್ಳುತ್ತಾರೆ," ಎಂದೂ ಹೇಳಿದರು.

ಮೇಷ್ಟ್ರು ತಿಳಿಹೇಳಿದರು. ಊರ ಅರಳಿಕಟ್ಟೆಯ ಮೇಲೆ ನಿಂತು, ಅದು ಭೂತದ ಜಾಗವಲ್ಲ, ನಮ್ಮ ಹಿಂದಿನವರ ಹಟ್ಟಿ ಎಂದರು. ಮಣ್ಣು ಬೂದುಬಣ್ಣ ಇರುವುದು ಶಾಪದಿಂದಲ್ಲ. ಎಷ್ಟೋ ತಲೆಮಾರುಗಳ ಒಲೆಯ ಬೂದಿ, ದನದ ಗಂಜಲ, ಸಗಣಿ, ಮೂಳೆ ಬೆರೆತು ಹಾಗಾಗಿದೆ ಎಂದರು. ಒಂದು ಹಿಡಿ ಮಣ್ಣನ್ನು ಜೇಬಿನಿಂದ ತೆಗೆದು, ಎಲ್ಲರೆದುರು ಹಣೆಗೆ ಹಚ್ಚಿಕೊಂಡರು. "ನೋಡ್ರಪ್ಪ, ನಾನು ಚಿಕ್ಕ ಹುಡುಗನಿಂದ ಮುಟ್ಟಿದೀನಿ. ನನಗೇನಾಗಿದೆ?" ಜನ ಚಪ್ಪಾಳೆ ತಟ್ಟಿದರು. ಪ್ರಾಚೀನ ಜಗತ್ತಿನ ಬಗ್ಗೆ ಅವರು ಮಾಡಿದ ಅತ್ಯುತ್ತಮ ಪಾಠ ಅದೇ ಇರಬೇಕು. ಕೇಳಿದ ಪ್ರತಿಯೊಬ್ಬರಿಗೂ ಅರ್ಥವಾಯಿತು.

ನಮ್ಮ ಸೀಮೆಯಲ್ಲಿ ಬೇಸಿಗೆ ಬಂದರೆ ತೋಟಕ್ಕೆ ಹೊಸ ಮಣ್ಣು ಹೊಡೆಯುವ ರೂಢಿ. ಕೆರೆಯ ತಳದಲ್ಲಿ ಕೂತ ಹೂಳುಮಣ್ಣನ್ನು, ಗೋಡನ್ನು, ತೆಗೆದು ಗಾಡಿಯಲ್ಲಿ ತಂದು ಮರದ ಬುಡಕ್ಕೆ ಸುರಿಯುತ್ತಾರೆ. ಚಳಿಗಾಲ ಕಳೆಯಿತು, ವಾಮನಮೂರ್ತಿ ಬರಲಿಲ್ಲ. ಬೇಸಿಗೆ ಬಂತು. ಆ ವರ್ಷ ಗಾಡಿಗಳು ಕೆರೆಯ ಕಡೆ ಹೋಗಲಿಲ್ಲ.

ಸುದ್ದಿ ಕೇಳಿ ಮೇಷ್ಟ್ರು ಬಸ್ಸಿನಲ್ಲಿ ಹೊರಟಾಗ ನಾನೂ ಜೊತೆಗಿದ್ದೆ. ದಿಬ್ಬದ ಒಂದು ಮಗ್ಗುಲು ಅಷ್ಟರಲ್ಲೇ ಕಡಿದು ಹೋಗಿತ್ತು. ಅಗೆತದ ಚೌಕಗುಂಡಿಯೇ ಗಾಡಿ ಇಳಿಯಲು ದಾರಿಯಾಗಿತ್ತು. ಮೊದಲ ಗಾಡಿಯ ಮೂಕಿಯ ಮೇಲೆ ಪಂಚಾಕ್ಷರಿ ಕುಳಿತಿದ್ದ.

"ಲೇ ಪಂಚಾಕ್ಷರಿ, ಏನ್ಲಾ ಇದು? ಇಳಿಯೋ ಕೆಳಕ್ಕೆ!"

"ಯಾಕಣ್ಣ? ನೀನೇ ಹೇಳ್ದಲ್ಲ, ಎಷ್ಟೋ ಸಾವ್ರ ವರ್ಷದ ಗೊಬ್ಬರ ಅಂತ. ಇಷ್ಟು ದಿನ ಸುಮ್ಕೆ ಹೆದರ್ಕೊಂಡು ಬುಟ್ಟಿದ್ವಿ."

"ಕಾಪಾಡ್ಕೊಳ್ರೋ ಅಂತ ಹೇಳಿದ್ದು ಕಣ್ಲಾ ನಾನು!"

"ಇನ್ನೇನ್ ಮಾಡ್ತಾ ಇದೀವಿ? ನಮ್ಮ ಹಿರೀಕರ್ದು ಅಂದೆ. ಹಿರೀಕರ ಆಸ್ತಿ ಮಕ್ಕಳ ತೋಟಕ್ಕಲ್ದೆ ಇನ್ಯಾರಿಗಣ್ಣ? ಆ ಲಾರಿಯೋರು ತುಂಬ್ಕೊಂಡು ಹೋದಾಗ ನೀನೇ ನಿಂತ್ಕೊಂಡು ಕೈಬೀಸಿದೆ."

ಮಣ್ಣು ತುಂಬುತ್ತಿದ್ದವರು ಗುದ್ದಲಿ ಊರಿ ಮೇಷ್ಟ್ರ ಮುಖ ನೋಡಿದರು; ಸ್ವಲ್ಪ ಹೊತ್ತು ಕಾದು, ಮತ್ತೆ ಅಗೆಯತೊಡಗಿದರು. ತಹಸೀಲ್ದಾರರ ಕಚೇರಿಯಲ್ಲಿ ಕೇಳಿದರೆ, ರಕ್ಷಿತ ಸ್ಥಳವೆಂದು ಆದೇಶ ತನ್ನಿ, ಆ ಕ್ಷಣ ತಡೆಯುತ್ತೇವೆ ಎಂದರು. ಆದೇಶಕ್ಕೆ ವರದಿ ಬೇಕು. ವರದಿ ರಾಜಧಾನಿಯಿಂದ ಬರಬೇಕು. ಮೇಷ್ಟ್ರು ಸಂಸ್ಥೆಗೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಒಂದೊಂದು ಬೇಸಿಗೆಗೂ ದಿಬ್ಬ ತಗ್ಗಾಗುತ್ತ ಬಂದು, ನಾನು ಎಂ.ಎ. ಮುಗಿಸುವ ಹೊತ್ತಿಗೆ ಸುತ್ತಲಿನ ಹೊಲದ ಮಟ್ಟಕ್ಕೆ ಬಂದಿತ್ತು. ಇನ್ನು ಉಳಿದಿದ್ದು ಒಂದೇ: ಪೆಟ್ಟಿಗೆಗಳು. ಅವುಗಳ ವರದಿ ಪ್ರಕಟವಾದರೆ, ದಿಬ್ಬ ಹೋದರೂ, ಅಲ್ಲಿ ಬದುಕಿದ್ದ ಜನ ಇತಿಹಾಸದಲ್ಲಿ ಉಳಿಯುತ್ತಿದ್ದರು. ಎಂಬತ್ತರ ದಶಕದ ಮೊದಲಲ್ಲಿ, ನಾನೇ ಹಠ ಹಿಡಿದು, ಮೇಷ್ಟ್ರನ್ನು ಕರೆದುಕೊಂಡು ರಾಜಧಾನಿಗೆ ಹೋದೆ.

ವಾಮನಮೂರ್ತಿ ಈಗ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಮೇಷ್ಟ್ರನ್ನು ಪ್ರೀತಿಯಿಂದ ಬರಮಾಡಿಕೊಂಡು ಕಾಫಿ ತರಿಸಿದರು. ಬೇರೆ ಅಗೆತಗಳು, ವಿದೇಶದ ಸಮ್ಮೇಳನ, ಆಡಳಿತದ ಹೊರೆ ಎಲ್ಲವನ್ನೂ ಹೇಳಿಕೊಂಡರು. ಮೇಷ್ಟ್ರು ಕೇಳುತ್ತ ಕೂತಿದ್ದು, ಕೊನೆಗೆ ಹಳೆಯ ಮೃದು ದನಿಯಲ್ಲಿ ಅಂದರು:

"ನಮ್ಮ ದಿಬ್ಬದ ವರದಿ ಬರೀತಾ ಇದೀರೋ, ಬರೀಬೇಕು ಅಂತ ಇದೀರೋ?"

"ಏನ್ರೀ ಹಾಗಂದ್ರೆ? ಒಂದು ವರದಿ ಅಂದ್ರೆ ಕಾಯಿ ಸುಲಿದ ಹಾಗೆ ಅಂದ್ಕೊಂಡಿದೀರಾ? ನಿಮ್ಮದೊಂದೇ ದಿಬ್ಬಾನಾ ನಮಗೆ?" ವಾಮನಮೂರ್ತಿ ಲೋಟವನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟರು.

ಅವರಿಗೆ ಸಿಟ್ಟು ಬಂದಿತ್ತು. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ.

ಪೆಟ್ಟಿಗೆಗಳನ್ನಾದರೂ ತೋರಿಸಿ ಎಂದು ನಾನು ಪಟ್ಟುಹಿಡಿದೆ. ಉಗ್ರಾಣದವನು ನಮ್ಮನ್ನು ಹಿಂಭಾಗದ ವರಾಂಡಕ್ಕೆ ಕರೆದೊಯ್ದ. ಪೆಟ್ಟಿಗೆಗಳು ಇದ್ದವು, ಬೇರೆ ಎಷ್ಟೋ ಊರಿನ ಪೆಟ್ಟಿಗೆಗಳ ಜೊತೆ, ಸೂರಿನ ನೀರು ಬೀಳುವ ಕಡೆ. ಮರವನ್ನು ಗೆದ್ದಲು ತಿಂದಿತ್ತು. ಚೀಲಗಳು ಕೊಳೆತು, ಚೂರುಗಳು ಒಂದರೊಳಗೊಂದು ಸುರಿದು ಗುಡ್ಡೆಯಾಗಿದ್ದವು. ಯಾವ ಊರು, ಯಾವ ಪದರ ಎಂದು ಬರೆದಿದ್ದ ಚೀಟಿಗಳು ಪುಡಿಯಾಗಿದ್ದವು.

"ಯಾವೂರು ಅಂದ್ರಿ ಸಾರ್?" ಎಂದು ಉಗ್ರಾಣದವನು ಸೌಜನ್ಯದಿಂದಲೇ ಕೇಳಿದ. "ಬೇಕಾದ್ರೆ ಒಂದೆರಡು ಎತ್ಕೊಳ್ಳಿ. ಯಾರೂ ಕೇಳಲ್ಲ."

ಮೇಷ್ಟ್ರು ಬಗ್ಗಿ ಗುಡ್ಡೆಯನ್ನು ನೋಡಿದರು. ಊರಿನ ಹೆಸರಿಲ್ಲದ, ಪದರದ ಗುರುತಿಲ್ಲದ ಮಡಕೆ ಚೂರು ಏನನ್ನೂ ಹೇಳುವುದಿಲ್ಲ ಎಂದು ನಮಗೆ ಕಲಿಸಿದವರು ಅವರೇ. ಯಾವುದನ್ನೂ ಎತ್ತಿಕೊಳ್ಳಲಿಲ್ಲ. ಕೈ ಚಾಚಲೂ ಇಲ್ಲ.

ವಾಪಸು ಬರುವ ರೈಲಿನಲ್ಲಿ ನಾನು ದಾರಿಯುದ್ದಕ್ಕೂ ಕೂಗಾಡಿದೆ. ಸಾರ್ವಜನಿಕರ ನೆಲವನ್ನು ಬಗೆದು ಉತ್ತರ ಹೇಳದಿರುವುದು ಯಾವ ವಿದ್ವತ್ತು? ಅಗೆಯುವುದೂ ಒಂದು ಬಗೆಯ ನಾಶವೇ. ವರದಿಯೊಂದೇ ಆ ನಾಶಕ್ಕೆ ಸಮರ್ಥನೆ. ವರದಿ ಬರೆಯದ ಪುರಾತತ್ತ್ವಜ್ಞನಿಗೂ ನಿಧಿ ಅಗೆಯುವ ಕಳ್ಳನಿಗೂ ವ್ಯತ್ಯಾಸವೇನು? ಎದುರಿನ ಪ್ರಯಾಣಿಕರು ನನ್ನನ್ನೇ ನೋಡುತ್ತಿದ್ದರು. ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು. ಸಿಮೆಂಟು ಕಾರ್ಖಾನೆಯ ಧೂಳು ಕೂತ ಮರಗಳು ಕಂಡಾಗ, "ಅಮ್ಮಸಂದ್ರ ಬಂತು," ಎಂದರು.

ಆಮೇಲೆ ಜಗಲಿ ಖಾಲಿಯಾಯಿತು. ಮೇಷ್ಟ್ರು ನಿಲ್ದಾಣಕ್ಕೆ ಹೋಗುವುದನ್ನು ಬಿಟ್ಟರು. ಯಾರಾದರೂ ವಿದ್ವಾಂಸರು ತಾವಾಗಿ ಹುಡುಕಿಕೊಂಡು ಬಂದರೆ ಊಟ ಹಾಕಿ, ಮಾತಿಗೆ ಕೂರದೆ, ಬಸ್ಸು ಹತ್ತಿಸಿ ಬರುತ್ತಿದ್ದರು. "ಜ್ವರ ಇಲ್ಲ, ನೋವು ಇಲ್ಲ. ಏನ್ ಕೇಳಿದ್ರೂ ಹ್ಞೂಂ ಅಂತಾರೆ ಕಣವ್ವ. ಮೊದಲಾದ್ರೆ ನನ್ ಕೂಡೆ ಜಗಳಾನಾದ್ರೂ ಆಡೋರು," ಎಂದು ಪಾರ್ವತಮ್ಮ ನನ್ನೊಡನೆ ಹೇಳಿಕೊಂಡರು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಒಂದು ಮನವಿಯ ಕಾರಣಕ್ಕೆ. ನಡೆದುದನ್ನೆಲ್ಲ ಬರೆದು, ತನಿಖೆಯಾಗಬೇಕೆಂದು ಸರ್ಕಾರಕ್ಕೂ ಪತ್ರಿಕೆಗಳಿಗೂ ಕಳಿಸಲು ಸಿದ್ಧಮಾಡಿದ್ದೆ. ಹೊಣೆಗಾರರು ಎಂಬ ತಲೆಬರಹದ ಕೆಳಗೆ ವಾಮನಮೂರ್ತಿಯವರ, ಸಂಸ್ಥೆಯ, ತಾಲ್ಲೂಕು ಆಡಳಿತದ, ಮಣ್ಣು ಹೊತ್ತ ತೋಟದವರ ಹೆಸರುಗಳಿದ್ದವು. ಮುಖ್ಯ ಸಾಕ್ಷಿಯಾಗಿ ಮೇಷ್ಟ್ರ ಸಹಿ ಬೇಕಿತ್ತು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಚೆನ್ನಾಗಿದೆ. ಒಂದು ಹೆಸರು ಬಿಟ್ಟು ಹೋಗಿದೆ."

"ಯಾರದು ಸಾರ್?"

"ನಂದು."

ನೀವು ಸಾಕ್ಷಿ, ನೀವು ಒಳ್ಳೆಯದಕ್ಕೆ ಮಾಡಿದ್ದು ಎಂದು ನಾನು ವಾದಿಸಿದೆ. ಅವರು ಕೈಯೆತ್ತಿ ತಡೆದರು.

"ಆ ದಿಬ್ಬಾನ ಅಷ್ಟು ಕಾಲ ಕಾಯ್ತಿದ್ದುದು ಜನರ ಹೆದರಿಕೆ ಕಣಮ್ಮ. ನಾನು ಆ ಕಾವಲುಗಾರನ್ನ ಮನೆಗೆ ಕಳಿಸಿಬಿಟ್ಟೆ. ಬೇಲಿ ಬರೋ ತನಕ ತಡೀಬೇಕಿತ್ತು. ಚಪ್ಪಾಳೆ ಬೇಕಿತ್ತು ನನಗೆ. ನನ್ನ ಹೆಸರು ಬರಿ, ಸಹಿ ಹಾಕ್ತೀನಿ."

"ಬರೆಯಲ್ಲ ಸಾರ್. ನಿಮ್ಮನ್ನೂ ಅವರನ್ನೂ ಒಂದೇ ಸಾಲಲ್ಲಿ ಕೂರಿಸೋಕೆ ನನ್ನಿಂದಾಗಲ್ಲ."

"ಹಂಗಾದ್ರೆ ಇದು ಇತಿಹಾಸ ಅಲ್ಲ. ನಿನ್ನ ಸಿಟ್ಟು." ಕಾಗದವನ್ನು ಅಚ್ಚುಕಟ್ಟಾಗಿ ಮಡಚಿ ನನ್ನ ಕೈಗಿಟ್ಟರು. ಬಾಗಿಲವರೆಗೆ ಬಂದು ಕಳಿಸುವ ವಾಡಿಕೆ ಅವರದು. ಅಂದು ಕೂತಲ್ಲಿಂದ ಏಳಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ನಾನು ಹೋಗುವ ಹೊತ್ತಿಗೆ ಅವರನ್ನು ತೋಟದ ಮೂಲೆಯಲ್ಲಿ ಸಮಾಧಿ ಮಾಡಿ, ಮೇಲೆ ಹೊಸ ಮಣ್ಣು ಕಟ್ಟಿದ್ದರು. ಪಂಚಾಕ್ಷರಿ ಅಲ್ಲಿಗೆ ಕರೆದೊಯ್ದ. ಬೂದುಬಣ್ಣದ ಮಣ್ಣಿನ ನಡುವೆ ಮಡಕೆಯ ಚೂರುಗಳು ಅಲ್ಲಲ್ಲಿ ಕಾಣುತ್ತಿದ್ದವು. ಬೇಕೆಂದು ಹಾಕಿದ್ದಲ್ಲ, ಆ ತೋಟದಲ್ಲಿ ಈಗ ಎಲ್ಲಿ ಕೆರೆದರೂ ಅದೇ ಮಣ್ಣು.

"ಕುಂತ್ಕೊ ಕಣವ್ವ, ಬಿಸಿಲಲ್ಲಿ ಬಂದಿದೀಯ," ಎಂದು ಪಂಚಾಕ್ಷರಿ ಹತ್ತಿರದ ಮರದಿಂದ ಎಳನೀರು ಇಳಿಸಿ ಕೆತ್ತಿ ಕೊಟ್ಟ. ಅವನ ಕಣ್ಣು ಅತ್ತು ಊದಿಕೊಂಡಿತ್ತು. "ಮಣ್ಣು ಹೊಡೆದ ಮೇಲೆ ಕಾಯಿ ಚೆನ್ನಾಗಿ ಹಿಡೀತಾವೆ. ಅಣ್ಣ ಒಂದಿನಾನೂ ಮುಟ್ಟಲಿಲ್ಲ."

ನಾನು ಕುಡಿದೆ. ಸಿಹಿಯಾಗಿತ್ತು. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಸಿಟ್ಟಾದರೂ ಬರಬಹುದೆಂದು ಕಾದೆ. ಬುರುಡೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಬಸ್ಸಿನ ದಾರಿಯವರೆಗೆ ನಡೆದೆ.

ಮನವಿಯನ್ನು ಮತ್ತೆ ಬರೆದಿದ್ದೇನೆ. ಮರದ ಪೆಟ್ಟಿಗೆಗಳ ಸ್ಥಿತಿಯನ್ನೂ, ಕೊಟ್ಟ ಮಾತನ್ನೂ, ಮುರಿದ ಮಾತನ್ನೂ ಹೇಳಿದ್ದೇನೆ. ಉತ್ತರ ಬರುವವರೆಗೆ ಕೇಳುವುದನ್ನು ಬಿಡುವುದಿಲ್ಲ. ಹೊಣೆಗಾರರು ಎಂಬ ತಲೆಬರಹದ ಕೆಳಗೆ, ಎಲ್ಲ ಹೆಸರುಗಳ ಕೊನೆಗೆ, ಶಿವನಂಜಯ್ಯ, ಇತಿಹಾಸದ ಅಧ್ಯಾಪಕರು, ತಿಪಟೂರು ಎಂದು ಸೇರಿಸಿದೆ. ಕೆಳಗೆ ಸಾಕ್ಷಿಯ ಸಹಿಗೆ ಬಿಟ್ಟ ಜಾಗ ಖಾಲಿಯಿದೆ.